ಲಸಿಕೆಗೆ ಬೇಕು ಹದವಾದ ತಂಪು

ಕೂಸಿಗೆ ಹಾಕಿಸುವ ಲಸಿಕೆಯನ್ನು ದವಾಖಾನೆಯ ಫ್ರಿಜ್ಜಿನಲ್ಲಿ ಇಡ್ತಾರೆ. ಅಲ್ಲಿ 2ರಿಂದ 8 ಡಿಗ್ರಿ ಇರಬೇಕು. ಬಿಸಿಯಾದರೆ ಮದ್ದಿನ ಶಕ್ತಿ ಹೋಗುತ್ತದೆ. ಭಾಳ ತಂಪಿದ್ದರೆ ಒಳ್ಳೇದು ಅಂತಲೂ ತಿಳಿಯಬೇಡಿ. ಗಂಟಲಮಾರಿ, ಧನುರ್ವಾಯು ತಡೆಯುವ ಲಸಿಕೆ ಹೆಪ್ಪುಗಟ್ಟಿದರೆ ಕೆಡುತ್ತದೆ.

ಈ ಫ್ರಿಜ್ಜಿನ ಮುಚ್ಚಳ ಮೇಲಕ್ಕೆ ತೆರೆಯುತ್ತದೆ. ತಣ್ಣನೆ ಗಾಳಿ ಭಾರ. ಮುಚ್ಚಳ ತೆಗೆದರೂ ಅದು ಕೆಳಗೇ ಕೂತಿರುತ್ತದೆ. ಮನೆ ಫ್ರಿಜ್ಜಿನ ಬಾಗಿಲು ತೆಗೆದು ನೋಡಿ, ಕಾಲಿಗೆ ತಂಪು ಹತ್ತುತ್ತದೆ. ಅದು ಹೊರಗೆ ಸುರಿದುಹೋದ ತಂಪು, ಕರೆಂಟು ದಂಡ! ಲಸಿಕೆ ಫ್ರಿಜ್ಜಿನ ಗೋಡೆಯಲ್ಲಿ ಬರ್ಫದ ಪದರವೂ ಇರುತ್ತದೆ. ಕರೆಂಟು ಹೋದಾಗ ಅದೇ ಆಸರೆ.

ತಂಪು ಎಷ್ಟಿದೆ ಅಂತ ದಿನಕ್ಕೆ ಎರಡು ಸಲ ನೋಡಿ ಬರೆಯುತ್ತಾರೆ. ರಾತ್ರಿ ಯಾರು ನೋಡಬೇಕು? ಅದಕ್ಕೆ 2015ರಲ್ಲಿ 'ಇ-ವಿನ್' ಎಂಬ ವ್ಯವಸ್ಥೆ ಶುರುವಾಯಿತು. ಫ್ರಿಜ್ಜಿನೊಳಗಿನ ಸೆನ್ಸರ್ ತಂಪು ಅಳೆಯುತ್ತಲೇ ಇರುತ್ತದೆ. ಏರುಪೇರಾದರೆ ಸಿಬ್ಬಂದಿಯ ಮೊಬೈಲಿಗೆ ಸಂದೇಶ ಬರುತ್ತದೆ.

ಲಸಿಕೆ ಸೀಸೆಯ ಮೇಲೆ ಒಂದು ದುಂಡನೆ ಗುರುತು ಇರುತ್ತದೆ. ನಡುವಿನ ಚೌಕ ಸುತ್ತಲಿನ ಬಣ್ಣಕ್ಕಿಂತ ತಿಳಿಯಾಗಿರಬೇಕು. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತದೆ. ಎರಡೂ ಒಂದೇ ಬಣ್ಣವಾದರೆ ಆ ಮದ್ದು ಹಾಕುವಂತಿಲ್ಲ. 'ಒಮ್ಮೆ ತೋರಿಸ್ರಿ' ಅಂತ ಸಿಸ್ಟರ್ ಅವರನ್ನು ಕೇಳಿ, ಸಂಕೋಚ ಬೇಡ. ಹೆಪ್ಪುಗಟ್ಟಿ ಕೆಟ್ಟದ್ದು ಮಾತ್ರ ಈ ಗುರುತಿನಲ್ಲಿ ಕಾಣುವುದಿಲ್ಲ. ಅದಕ್ಕೇ ಫ್ರಿಜ್ಜಿನ ಅಳತೆ ತಪ್ಪಬಾರದು.