ಹುಕ್ ಎದಕ್ಕ ಹಾಕ್ಲಿ ಮೇಡಂ?

ಸಿವಿಲ್ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕಿದಾಗ ನನಗೆ ಸಿಕ್ಕಿದ್ದು ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟ್ ಸೈಟಿನಲ್ಲಿ ಸೇಫ್ಟಿ ಟ್ರೇನಿ ಹುದ್ದೆ. ‘ಹೆಲ್ಮೆಟ್ ಹಾಕ್ಕೊಳ್ಳಿ ಅಂತ ಕೂಗೋ ಕೆಲಸ’ ಎಂದು ಗೆಳತಿಯರು ನಕ್ಕರು. ಮೊದಲ ತಿಂಗಳು ಹೆಚ್ಚುಕಡಿಮೆ ಅದೇ ಆಗಿತ್ತು.

ಸೈಟಿನಲ್ಲಿ ಎಲ್ಲರ ಬಾಯಲ್ಲೂ ಒಂದು ಮಾತಿದೆ: ಕೂಲಿ ಕಾರ್ಮಿಕರಿಗೆ ಅಪಾಯದ ಅರಿವಿಲ್ಲ. ನಾನಂತೂ ಒಪ್ಪುವುದಿಲ್ಲ. ಸಾರುವೆ ಕಟ್ಟುವ ಯಾದಗಿರಿ ಕಡೆಯ ಹಿರಿಯರೊಬ್ಬರನ್ನು, ‘ಕಾಕಾ, ಬೆಲ್ಟ್ ಹಾಕಿದ್ದೀರಿ, ಹುಕ್ ಯಾಕೆ ಹಾಕಿಲ್ಲ?’ ಎಂದು ಕೇಳಿದೆ. ‘ಬಿದ್ರ ಸಾಯ್ತೀನಂತ ನನಗ ಗೊತ್ತಿಲ್ಲೇನ್ರಿ ಮೇಡಂ? ಹುಕ್ ಎದಕ್ಕ ಹಾಕ್ಲಿ, ನೀವ ತೋರಸ್ರಿ’ ಎಂದರು. ಮೇಲೆ ಹತ್ತಿ ನೋಡಿದೆ. ಹುಕ್ ಸಿಕ್ಕಿಸಬೇಕಾದ ಲೈಫ್‌ಲೈನ್ ಹಗ್ಗ ಅವರು ಕೆಲಸ ಮಾಡುವ ಜಾಗಕ್ಕಿಂತ ಎಷ್ಟೋ ಹಿಂದೆಯೇ ಮುಗಿದಿತ್ತು. ಪೈಪಿಗೇ ಸಿಕ್ಕಿಸೋಣವೆಂದರೆ ಅದಿನ್ನೂ ಬಿಗಿಯಾಗಿರಲಿಲ್ಲ.

ಇನ್ನು ದುಡ್ಡಿನ ಲೆಕ್ಕ. ಪ್ಲಾಸ್ಟರಿಂಗ್, ಸೆಂಟ್ರಿಂಗ್ ನಮ್ಮಲ್ಲಿ ಚದರ ಅಡಿ ಲೆಕ್ಕದ ಗುತ್ತಿಗೆ. ಜಾಗ ಬದಲಿಸಿದಾಗಲೆಲ್ಲ ಹುಕ್ ಬಿಚ್ಚಿ ಹಾಕಲು 10 ಸೆಕೆಂಡ್ ಎಂದುಕೊಳ್ಳಿ. ದಿನಕ್ಕೆ 200 ಬಾರಿ ಸರಿದರೆ ಅರ್ಧ ಗಂಟೆಗೂ ಹೆಚ್ಚು. ಅದರ ಕೂಲಿಯನ್ನು ಯಾರೂ ಕೊಡುವುದಿಲ್ಲ, ಬಟವಾಡೆ ದಿನ ಅಷ್ಟು ಖೋತಾ. ಮಾಸ್ಲೋನ ತ್ರಿಕೋನವನ್ನು ಪರೀಕ್ಷೆಗೆ ಉರು ಹೊಡೆದವರಿಗೆ ನೆನಪಿರಬಹುದು, ಅದರಲ್ಲೂ ಅನ್ನ ನೀರು ಮೊದಲು, ಸುರಕ್ಷತೆ ಆಮೇಲೆ.

ಪ್ರೋತ್ಸಾಹಕ್ಕೆಂದು ನಮ್ಮವರು ಒಂದು ಬಹುಮಾನ ಇಟ್ಟರು. ಇಡೀ ತಿಂಗಳು ಗಾಯವಾಗದ ಗ್ಯಾಂಗಿಗೆ ತಲಾ ಒಂದು ಸ್ಟೀಲ್ ಡಬ್ಬಿ. ಆ ತಿಂಗಳು ರಿಜಿಸ್ಟರ್ ಖಾಲಿ, ಮೇಲಿನವರಿಗೆ ಖುಷಿಯೋ ಖುಷಿ. ಆದರೆ ಒಡಿಶಾದ ಹುಡುಗನೊಬ್ಬ ಕುಂಟುತ್ತಿದ್ದ. ಸೆಂಟ್ರಿಂಗ್ ಹಲಗೆಯ ಮೊಳೆ ಪಾದಕ್ಕೆ ಹೊಕ್ಕು ನಾಲ್ಕು ದಿನವಾಗಿತ್ತು. ಅರಿಸಿನ ಮೆತ್ತಿ ಬಟ್ಟೆ ಸುತ್ತಿದ್ದ, ಟಿಟಿ ಇಂಜೆಕ್ಷನ್ ಕೂಡ ಆಗಿರಲಿಲ್ಲ. ಹೇಳಿದರೆ ಎಲ್ಲರ ಡಬ್ಬಿ ಹೋಗುತ್ತದೆಂದು ಜೊತೆಯವರೇ ಬಾಯಿ ಮುಚ್ಚಿಸಿದ್ದರಂತೆ. ಅವನನ್ನು ಆಸ್ಪತ್ರೆಗೆ ಕರೆದೊಯ್ದ ಮೇಲೆ ನಮ್ಮ ಸೇಫ್ಟಿ ಆಫೀಸರ್ ಹಟ ಹಿಡಿದು ನಿಯಮ ಬದಲಿಸಿದರು. ಈಗ ಬಹುಮಾನ ಅಪಾಯ ತೋರಿಸಿದವರಿಗೆ. ಮುಚ್ಚದ ಲಿಫ್ಟ್ ಗುಂಡಿ, ಅಲುಗಾಡುವ ಹಲಗೆ, ಸಿಪ್ಪೆ ಸುಲಿದ ವೈರು, ಏನಾದರೂ ಸರಿ. ತೋರಿಸಿದ್ದು ಅಂದೇ ರಿಪೇರಿಯಾದರೆ ಮರುದಿನ ಇನ್ನಿಬ್ಬರು ಬಂದು ಹೇಳುತ್ತಾರೆ. ಆಗದಿದ್ದರೆ ಯಾರೂ ಬರುವುದಿಲ್ಲ, ಡಬ್ಬಿ ಕೊಟ್ಟರೂ ಅಷ್ಟೇ.

ಈ ಕ್ಷೇತ್ರದ ಸಂದರ್ಶನಕ್ಕೆ ಹೋಗುವವರು ಗಮನಿಸಿ: 500 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಸುರಕ್ಷತಾ ಸಮಿತಿ ಇರಬೇಕು, ಅದರಲ್ಲಿ ಕಾರ್ಮಿಕ ಪ್ರತಿನಿಧಿಗಳು ಮಾಲೀಕರ ಕಡೆಯವರಿಗಿಂತ ಕಡಿಮೆ ಇರಬಾರದು ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿದ್ದರು. ನಮ್ಮ ಸಮಿತಿಗೆ ಕಾಕಾ ಬಂದದ್ದು ಮೊನ್ನೆ ಮೊನ್ನೆ. ಅವರು ಕೇಳಿದ್ದು ಎರಡೇ. ಸಾರುವೆ ಏರಿಸುವ ಮುಂಚೆ ಹಗ್ಗ ಕಟ್ಟಿಸಿ, ಹುಕ್ ಹಾಕುವ ಹೊತ್ತನ್ನೂ ರೇಟಿಗೆ ಸೇರಿಸಿ. ಹಗ್ಗ ಆ ವಾರವೇ ಬಂತು. ರೇಟಿನ ವಿಷಯ ಸಭೆಯ ನಡಾವಳಿಯಲ್ಲಿ ‘ಕಾಂಟ್ರಾಕ್ಟರ್ ಜೊತೆ ಚರ್ಚಿಸುವುದು’ ಎಂದು ಕೂತಿದೆ.