ಹಾಡುವುದು ತಂತಿಯೇ?

ವೀಣೆಯ ತಂತಿಯನ್ನು ಬದಲಾಯಿಸಿದರೆ ನಾದವೂ ಬದಲಾಗುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಆ ತಂತಿಯೇ ಕಂಪಿಸಿ ಶಬ್ದವನ್ನು ಹುಟ್ಟಿಸುವುದರಿಂದ ಅದರ ದಪ್ಪ, ಬಿಗಿತ, ಲೋಹ ಎಲ್ಲವೂ ಅಲ್ಲಿ ಮುಖ್ಯವಾಗುತ್ತವೆ. ಆದರೆ ಮನೆಯಲ್ಲಿ ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಎಳೆದ ತಂತಿ ಹಾಡುವುದಿಲ್ಲ. ವಿದ್ಯುತ್ತನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುತ್ತದೆ, ಅಷ್ಟೆ. ಹೀಗಿದ್ದರೂ ಬೆಳ್ಳಿಯ ತಂತಿಯಿಂದ ಸ್ವರ ಮಧುರವಾಗುವುದೆಂದೂ, ದುಬಾರಿ ಡಿಜಿಟಲ್ ಕೇಬಲಿನಿಂದ ಗಾಯನ ಸ್ಫುಟವಾಗುವುದೆಂದೂ ಹೇಳಿ ಮಾರುವವರಿದ್ದಾರೆ. ಕೊಂಡವರೂ ವ್ಯತ್ಯಾಸವನ್ನು ಕಿವಿಯಾರೆ ಕೇಳಿದೆವೆನ್ನುತ್ತಾರೆ. ಇದರಲ್ಲಿ ನಿಜವೆಷ್ಟು? ತರಗತಿಯಲ್ಲಿ ಕಲಿತ ಓಮನ ನಿಯಮವೇ ಈ ಪ್ರಶ್ನೆಯ ಅರ್ಧಭಾಗವನ್ನು ಬಿಡಿಸಬಲ್ಲದು.

ಮೊದಲು ಸ್ಪೀಕರಿನ ತಂತಿಯನ್ನು ನೋಡೋಣ. 1 ಚದರ ಮಿಲಿಮೀಟರ್ ಅಡ್ಡಕೊಯ್ತವುಳ್ಳ ತಾಮ್ರದ ತಂತಿಯ ರೋಧ ಮೀಟರಿಗೆ ಸುಮಾರು 0.017 ಓಮ್. ಸ್ಪೀಕರು 5 ಮೀಟರ್ ದೂರದಲ್ಲಿದ್ದರೆ, ವಿದ್ಯುತ್ತು ಹೋಗಿ ಮರಳಬೇಕಾದುದರಿಂದ ತಂತಿಯ ಉದ್ದ 10 ಮೀಟರ್, ಅದರ ರೋಧ 0.17 ಓಮ್. ಸ್ಪೀಕರಿನದು 8 ಓಮ್ ಎಂದಿಟ್ಟುಕೊಂಡರೆ ತಂತಿಯಲ್ಲಿ ನಷ್ಟವಾಗುವ ವೋಲ್ಟೇಜು ನೂರಕ್ಕೆ 2 ಪಾಲು ಮಾತ್ರ. ಡೆಸಿಬೆಲ್ ಲೆಕ್ಕದಲ್ಲಿ ಇದು 0.2ಕ್ಕೂ ಕಡಮೆ.

ಹಾಗಾದರೆ ಯಾವ ತಂತಿಯಾದರೂ ಸರಿಯೇ? ಅಲ್ಲ. 0.2 ಚದರ ಮಿಲಿಮೀಟರಿನ ತೆಳು ತಂತಿಯನ್ನು ಬಳಸಿದರೆ ಅಷ್ಟೇ ಉದ್ದಕ್ಕೆ ರೋಧ 0.86 ಓಮ್ ಆಗುತ್ತದೆ. ಸ್ಪೀಕರು ವಿದ್ಯುತ್ತಿಗೆ ಒಡ್ಡುವ ತಡೆಯಾದರೋ ಎಲ್ಲ ಸ್ವರಗಳಿಗೂ ಒಂದೇ ಸಮನಲ್ಲ. ಒಂದು ಸ್ವರಕ್ಕೆ 6 ಓಮ್ ಇದ್ದು ಮತ್ತೊಂದಕ್ಕೆ 30 ಓಮ್ ಇರಬಹುದು. ಆಗ ಮೊದಲ ಸ್ವರದ ವೋಲ್ಟೇಜಿನಲ್ಲಿ ನೂರಕ್ಕೆ 12ಕ್ಕೂ ಹೆಚ್ಚು ಪಾಲು ನಷ್ಟವಾದರೆ, ಎರಡನೆಯದರಲ್ಲಿ 3 ಪಾಲೂ ಇಲ್ಲ. ಸ್ವರಗಳ ಪರಸ್ಪರ ಪ್ರಮಾಣವೇ ಕೆಡುವುದರಿಂದ ಈ ವ್ಯತ್ಯಾಸ ಸೂಕ್ಷ್ಮ ಕಿವಿಗೆ ಕೇಳಿಸಬಲ್ಲದು. ಇದಕ್ಕೆ ಪರಿಹಾರ ಬೆಳ್ಳಿಯಲ್ಲ. ಬೆಳ್ಳಿಗೂ ತಾಮ್ರಕ್ಕೂ ರೋಧದಲ್ಲಿರುವ ಅಂತರ ನೂರಕ್ಕೆ 10ಕ್ಕಿಂತ ಕಡಮೆ. ತಾಮ್ರದ ತಂತಿಯನ್ನು ತುಸು ದಪ್ಪ ಮಾಡಿದರೆ ಅದು ಅಳಿಸಿಹೋಗುತ್ತದೆ. ಮನೆಗಳ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯೇ ಧಾರಾಳವಾಗಿ ಸಾಕು.

ಕೇಬಲಿನ ಗುಣ ನಿಜವಾಗಿ ಪರೀಕ್ಷೆಗೊಳಗಾಗುವ ಇನ್ನೊಂದು ಸ್ಥಳವೂ ಉಂಟು. ರೆಕಾರ್ಡ್ ಪ್ಲೇಯರಿನ ಸೂಜಿ ಹುಟ್ಟಿಸುವ ವೋಲ್ಟೇಜು ಕೆಲವೇ ಮಿಲಿವೋಲ್ಟು. ಅದನ್ನು ಒಯ್ಯುವ ಕೇಬಲಿನ ಲೋಹದ ಹೊದಿಕೆ ಸರಿಯಾಗಿರದಿದ್ದರೆ, ನಮ್ಮ ದೇಶದ ವಿದ್ಯುತ್ ಸರಬರಾಜಿನ, ಸೆಕೆಂಡಿಗೆ 50 ಆವರ್ತಗಳ ಗುಂಯ್‌ಗುಡುವಿಕೆ ಸಂಗೀತದೊಳಗೆ ನುಸುಳುತ್ತದೆ. ಇಲ್ಲಿ ಬೇಕಾದುದು ಒಳ್ಳೆಯ ಹೊದಿಕೆ, ಭದ್ರವಾದ ಜೋಡಣೆ.

ಇನ್ನು ಡಿಜಿಟಲ್ ಮೂಲಗಳ ಮಾತು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಎಡಬಲದ ಎರಡು ವಾಹಿನಿಗಳಲ್ಲಿ ಪ್ರತಿಯೊಂದನ್ನೂ ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ, ಎಂದರೆ ಸೊನ್ನೆ ಒಂದುಗಳ ಸಾಲಾಗಿ ಬರೆಯುತ್ತಾರೆ. ಎರಡಕ್ಕೂ ಸೇರಿ ಸೆಕೆಂಡಿಗೆ 14,11,200 ಬಿಟ್‌ಗಳು. ಕೇಬಲಿನಲ್ಲಿ ವೋಲ್ಟೇಜು ಕೊಂಚ ಕುಂದಿದರೂ ಸೊನ್ನೆ ಸೊನ್ನೆಯೇ, ಒಂದು ಒಂದೇ. ಕಾಗದದ ಅಕ್ಷರ ದುಂಡಗಿರಲಿ, ಸೊಟ್ಟಗಿರಲಿ, ಓದಲು ಬರುವವರೆಗೆ ಸಮಾಚಾರ ಬದಲಾಗದಷ್ಟೆ? ಓದಲಾಗದಷ್ಟು ಕೆಟ್ಟರೆ ಶಬ್ದ ಚಿಟಿಚಿಟಿಗುಟ್ಟುತ್ತದೆ, ತುಂಡಾಗುತ್ತದೆ. ಮಾಧುರ್ಯ ಮಾತ್ರ ಕುಗ್ಗಿ ಉಳಿದುದೆಲ್ಲ ನೆಟ್ಟಗಿರುವುದು ಸಾಧ್ಯವಿಲ್ಲ. ಸಿ.ಡಿ.ಯ ಮೇಲೆ ಗೀರು ಬಿದ್ದರೂ, ರೀಡ್ ಮತ್ತು ಸಾಲೊಮನ್ ಎಂಬ ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಸಂಕೇತವಿಧಾನದ ನೆರವಿನಿಂದ, ಒಟ್ಟಿಗೆ ಸುಮಾರು 4,000 ಬಿಟ್‌ಗಳವರೆಗೆ ಕೆಟ್ಟುದನ್ನು ಪೂರ್ಣವಾಗಿ ಸರಿಪಡಿಸಿಕೊಳ್ಳಬಹುದು.

ಬಿಟ್‌ಗಳು ಸರಿಯಾಗಿದ್ದು, ಅವು ಬರುವ ಕಾಲದಲ್ಲಿ ಏರುಪೇರಾದರೆ? ಇದು ನ್ಯಾಯವಾದ ಪ್ರಶ್ನೆ. ಆದರೆ ಅನೇಕ ಉಪಕರಣಗಳು ಬಂದ ಬಿಟ್‌ಗಳನ್ನು ಮೊದಲು ಕೂಡಿಟ್ಟುಕೊಂಡು, ತಮ್ಮ ಒಳಗಿನ ಸ್ಫಟಿಕ ಗಡಿಯಾರದ ತಾಳಕ್ಕೆ ಅವನ್ನು ಹೊರಬಿಡುತ್ತವೆ. ಅಂಥಲ್ಲಿ ತಾಳವನ್ನು ಕೆಡಿಸಲು ಕೇಬಲಿಗೆ ಅವಕಾಶವಿಲ್ಲ. ಮೂಲದಲ್ಲಿಯೇ ಬಿಟ್‌ಗಳನ್ನು ಕಡಿತಗೊಳಿಸಿದ್ದರೆ ಮಾತ್ರ ವಿಷಯ ಬೇರೆ. ಸೆಕೆಂಡಿಗೆ 1,28,000 ಬಿಟ್‌ಗಳ ಎಂ.ಪಿ.3 ಕಡತದಲ್ಲಿ ಉಳಿದಿರುವುದು ಸಿ.ಡಿ.ಯ ಹನ್ನೊಂದರಲ್ಲಿ ಒಂದು ಪಾಲು; ಅದರ ಕೊರತೆ ಕೆಲವು ಸಂಗೀತದಲ್ಲಿ ಗೊತ್ತಾಗಬಹುದು. ಹೋದುದನ್ನು ಮರಳಿ ತರುವ ಕೇಬಲು ಯಾವುದೂ ಇಲ್ಲ.

ಸಿ.ಡಿ.ಗಿಂತ ಸೂಕ್ಷ್ಮವಾದ ಅಳತೆಯಿಂದ ಲಾಭವುಂಟೇ ಎಂಬುದನ್ನು ಮೇಯರ್ ಮತ್ತು ಮೊರಾನ್ ಎಂಬುವರು ಪರೀಕ್ಷಿಸಿ 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಯಾವುದು ಯಾವುದೆಂದು ತಿಳಿಸದೆ ಕೇಳಿಸಿದಾಗ 554 ಪ್ರಯತ್ನಗಳಲ್ಲಿ ಸರಿಯುತ್ತರ ಬಂದದ್ದು 276. ನಾಣ್ಯ ಚಿಮ್ಮಿ ಹೇಳಿದ್ದರೂ ಇಷ್ಟೇ ಬರುತ್ತಿತ್ತು. 2016ರಲ್ಲಿ ರೀಸ್ ಎಂಬ ಸಂಶೋಧಕರು 18 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರಗಳು ನೂರಕ್ಕೆ 52ರಷ್ಟಿದ್ದುವು. ವ್ಯತ್ಯಾಸವಿದ್ದರೂ ಅದು ಅತ್ಯಲ್ಪವೆಂದಾಯಿತು.

ಹಾಗೆಂದು ವ್ಯತ್ಯಾಸ ಕೇಳಿತೆನ್ನುವವರು ಸುಳ್ಳಾಡುತ್ತಾರೆಂದು ನಾವು ಭಾವಿಸಕೂಡದು. ಕೇಳುವುದು ಕಿವಿಯೊಂದೇ ಅಲ್ಲ, ಮನಸ್ಸೂ ಹೌದು. ಬೆಲೆ ತಿಳಿದ ಮನಸ್ಸಿಗೆ ನಿರೀಕ್ಷೆ ಮೊದಲೇ ಹುಟ್ಟಿರುತ್ತದೆ. ಶಬ್ದ ಕೂದಲೆಳೆಯಷ್ಟು ಗಟ್ಟಿಯಾದರೂ ಅದು ಉತ್ತಮವಾದಂತೆ ತೋರುತ್ತದೆ. ಆದುದರಿಂದ ವಿದ್ಯಾರ್ಥಿಗಳು ಪರೀಕ್ಷೆಯನ್ನು ತಾವೇ ಮಾಡಿ ನೋಡಬೇಕು. ಎರಡು ಕೇಬಲುಗಳಿಗೂ ಸ್ಪೀಕರಿನ ತುದಿಯಲ್ಲಿ ವೋಲ್ಟೇಜನ್ನು ಅಳೆದು ಸಮಮಾಡಿ. ಗೆಳೆಯನೊಬ್ಬನು ಪರದೆಯ ಹಿಂದೆ, ಪ್ರತಿ ಸಲವೂ ನಾಣ್ಯ ಚಿಮ್ಮಿ, ಮಾತಿಲ್ಲದೆ ಕೇಬಲನ್ನು ಜೋಡಿಸಲಿ. 16 ಸಲ ಕೇಳಿ ಉತ್ತರ ಬರೆಯಿರಿ. ಬರಿಯ ಊಹೆಯಿಂದ 12 ಅಥವಾ ಹೆಚ್ಚು ಉತ್ತರ ಸರಿಯಾಗುವ ಸಂಭವ ನೂರಕ್ಕೆ 4ಕ್ಕೂ ಕಡಮೆ. ಅಷ್ಟು ಸರಿಯಾದರೆ ನಿಮ್ಮ ಕಿವಿಗೆ ಏನೋ ಕೇಳಿಸುತ್ತಿದೆಯೆನ್ನಲು ಬಲವಾದ ಆಧಾರ ಸಿಕ್ಕಂತೆ, ಕಾರಣವನ್ನು ಹುಡುಕಬಹುದು. ಆಗದಿದ್ದರೆ ಕೇಬಲಿಗೆಂದಿಟ್ಟ ಹಣವನ್ನು ಸ್ಪೀಕರಿಗೆ ಸೇರಿಸಿ. ಇಲ್ಲವೆ ಬರಿಗೋಡೆಯ ಕೋಣೆಗೆ ದಪ್ಪ ಪರದೆ, ಜಮಖಾನೆಗಳನ್ನು ತನ್ನಿ. ಕುರ್ಚಿಯನ್ನು ಒಂದು ಮೊಳ ಸರಿಸಿದರೂ ಶಬ್ದದಲ್ಲಾಗುವ ವ್ಯತ್ಯಾಸ, ಒಳ್ಳೆಯ ಕೇಬಲನ್ನು ಬಿಟ್ಟು ದುಬಾರಿಯದನ್ನು ಹಾಕಿದಾಗ ಆಗುವುದಕ್ಕಿಂತ ಹೆಚ್ಚು. ಅದಕ್ಕೆ ಕಾಸೂ ಬೇಡ.