ಅಡುಗೆ ಪುಸ್ತಕ ಅಚ್ಚಾಯಿತು, ಮುಂದೇನು?



ನಿಮ್ಮಲ್ಲಿ ಹಲವರ ಮನೆಯಲ್ಲಿ ಒಂದು ನೋಟ್‌ಬುಕ್ ಇದೆ. ಅಮ್ಮನಿಂದ, ಅತ್ತೆಯಿಂದ ಕೇಳಿ ಬರೆದಿಟ್ಟುಕೊಂಡದ್ದು, ಅಲ್ಲಲ್ಲಿ ಎಣ್ಣೆ ಕಲೆ ಬಿದ್ದದ್ದು. ಮಕ್ಕಳು ದೊಡ್ಡವರಾದ ಮೇಲೋ ನಿವೃತ್ತಿಯ ನಂತರವೋ ಅದನ್ನು ಪುಸ್ತಕ ಮಾಡಿಸುವ ಆಸೆ ಹುಟ್ಟುತ್ತದೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಅಚ್ಚು ಹಾಕಿಸಿ 500 ಪ್ರತಿ ತರಿಸುತ್ತೀರಿ. ಕನ್ನಡ ಸಂಘದಲ್ಲಿ ಬಿಡುಗಡೆ ಸಮಾರಂಭವೂ ಆಗುತ್ತದೆ. ಅಂದು ನಲವತ್ತೋ ಐವತ್ತೋ ಪ್ರತಿ ಹೋಗುತ್ತವೆ, ಅದರಲ್ಲಿ ಅರ್ಧ ಗೌರವ ಪ್ರತಿ! ಉಳಿದದ್ದು ಮಂಚದ ಕೆಳಗೆ. ಒಂದು ಬೆಡ್‌ರೂಮಿನ ಮನೆಯಲ್ಲಿ ಮಂಚದ ಕೆಳಗಿನ ಜಾಗಕ್ಕೂ ಬೆಲೆ ಇದೆ ಎಂದು ಮುಂಬಯಿಯವರಿಗೆ ಹೇಳಬೇಕಾಗಿಲ್ಲ.

ಹೊರನಾಡಿನಲ್ಲಿ ಕನ್ನಡ ಪುಸ್ತಕ ಮಾರುವುದು ಯಾವತ್ತೂ ಕಷ್ಟ. ಮನೆಯ ಹತ್ತಿರದ ಪುಸ್ತಕದಂಗಡಿಯಲ್ಲಿ ಕನ್ನಡದ ಕಪಾಟೇ ಇರುವುದಿಲ್ಲ. ಊರಿನ ಅಂಗಡಿಗಳಿಗೆ ಕಳಿಸಿದರೆ ಸಾಮಾನ್ಯವಾಗಿ ನೂರಕ್ಕೆ 30ರಿಂದ 40ರಷ್ಟು ರಿಯಾಯಿತಿ ಕೊಡಬೇಕು, ಹಣ ಬರುವುದು ಮಾರಿದ ಮೇಲೆ. ಒಂದು ಲೆಕ್ಕ ಹಾಕಿ ನೋಡೋಣ. ಪ್ರತಿಗೆ 80 ರೂಪಾಯಿಯಂತೆ 500 ಪ್ರತಿಗೆ ನೀವು ಹಾಕಿದ್ದು 40,000 ರೂಪಾಯಿ ಎಂದುಕೊಳ್ಳಿ, ಬೆಲೆ 200. ಅಂಗಡಿಯ ಮೂಲಕ ಹೋದರೆ ಪ್ರತಿಗೆ 120 ಸಿಗುತ್ತದೆ, ಹಾಕಿದ ದುಡ್ಡು ಬರಲು 334 ಪ್ರತಿ ಮಾರಬೇಕು. ಪಾರ್ಸೆಲ್ ಖರ್ಚು ಬೇರೆ. ನಿಮ್ಮ ಕೈಯಿಂದಲೇ ಮಾರಿದರೆ 200 ಪ್ರತಿಗೆ ಅಸಲು ಬಂತು. ಈ 134 ಪ್ರತಿಗಳ ಅಂತರವೇ ಎಷ್ಟೋ ಮನೆಗಳಲ್ಲಿ ಎರಡನೆಯ ಪುಸ್ತಕ ಬರುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ. ಆ ಹಣ ಹೆಚ್ಚಾಗಿ ಮನೆಯಾಕೆಯ ಉಳಿತಾಯದ್ದೇ ಆಗಿರುತ್ತದೆ.

ಹಾಗಾದರೆ ಕೈಯಿಂದ ಮಾರುವುದು ಹೇಗೆ? ಕಥೆ ಕವನದ ಪುಸ್ತಕಗಳಿಗಿಲ್ಲದ ಒಂದು ಅನುಕೂಲ ಅಡುಗೆ ಪುಸ್ತಕಕ್ಕಿದೆ. ಅದನ್ನು ಮಾಡಿ ತೋರಿಸಬಹುದು, ತಿನ್ನಿಸಬಹುದು. ಬಾಯಿಗೆ ರುಚಿ ಹತ್ತಿದವರು ಪುಸ್ತಕ ಕೇಳಿ ಪಡೆಯುತ್ತಾರೆ.

ಇದನ್ನು ಮುಂಬಯಿಯಲ್ಲೇ ಮಾಡಿ ತೋರಿಸಿದವರು ತರಲಾ ದಲಾಲ್. ಪುಣೆಯಲ್ಲಿ ಹುಟ್ಟಿದ ಇವರು ಮದುವೆಯಾಗಿ ಮುಂಬಯಿಗೆ ಬಂದವರು. 1966ರಲ್ಲಿ ಮನೆಯಲ್ಲೇ ಅಡುಗೆ ತರಗತಿ ಶುರುಮಾಡಿದರು. ಮೊದಲ ಪುಸ್ತಕ ಬಂದದ್ದು 1974ರಲ್ಲಿ. ಅಂದರೆ ಎಂಟು ವರ್ಷ ಕಲಿಸಿದ ಮೇಲೆ. ಪುಸ್ತಕ ಹೊರಬರುವ ಹೊತ್ತಿಗೆ ಅದನ್ನು ಕೊಳ್ಳುವವರು ಆಗಲೇ ಸಿದ್ಧರಿದ್ದರು, ಪಾಕವಿಧಾನಗಳನ್ನು ಹತ್ತಾರು ಕೈಗಳು ಮಾಡಿ ನೋಡಿದ್ದವು. ಮುಂದೆ ನೂರಕ್ಕೂ ಹೆಚ್ಚು ಪುಸ್ತಕ ಬರೆದರು, 2007ರಲ್ಲಿ ಪದ್ಮಶ್ರೀ ಬಂತು, 2013ರಲ್ಲಿ ತೀರಿಕೊಂಡರು. ಮೊದಲು ಪುಸ್ತಕ, ಆಮೇಲೆ ತರಗತಿ ಎಂದು ಯೋಚಿಸುವ ನಮ್ಮವರು ಈ ಕ್ರಮವನ್ನು ಗಮನಿಸಬೇಕು. ಅಚ್ಚಿಗೆ ಕೊಡುವ ಮೊದಲೇ ನಾಲ್ಕು ತರಗತಿ ನಡೆಸಿದರೆ ಪುಸ್ತಕದ ಅರ್ಧ ತಪ್ಪು ಅಲ್ಲೇ ಸಿಗುತ್ತದೆ.

ಎಂಥ ತಪ್ಪು? "ಒಂದು ಹಿಡಿ ಹುಣಸೆಹಣ್ಣು" ಎಂದು ಬರೆದಿರುತ್ತೀರಿ. ತರಗತಿಯಲ್ಲಿ ಕುಳಿತ ಹುಡುಗಿ, "ಆಂಟೀ, ಹಿಡಿ ಅಂದ್ರೆ ನಿಮ್ಮ ಹಿಡಿನಾ, ನನ್ನ ಹಿಡಿನಾ?" ಎನ್ನುತ್ತಾಳೆ. ಹಳೆಯ ಮೈಸೂರಿನವರು ಪಾವು ಎನ್ನುತ್ತಾರೆ, ಇಲ್ಲಿ ಹುಟ್ಟಿ ಬೆಳೆದವರಿಗೆ ಪಾವು ಗೊತ್ತಿಲ್ಲ. ಕಪ್ಪು ಎಂದರೆ ಕೆಲವರ ಮನೆಯಲ್ಲಿ 200 ಮಿಲಿಲೀಟರ್, ಕೆಲವರಲ್ಲಿ 250. ಗ್ರಾಂ ಮತ್ತು ಮಿಲಿಲೀಟರ್ ಹಾಕದ ಪುಸ್ತಕ ಗೊತ್ತಿದ್ದವರಿಗಷ್ಟೇ ಪ್ರಯೋಜನ, ಗೊತ್ತಿದ್ದವರು ಕೊಳ್ಳುವುದಿಲ್ಲ.

ತರಗತಿಗೆ ಯಾವ ಅಡುಗೆ ಆರಿಸಬೇಕು ಎಂಬುದೇ ಮುಖ್ಯ. ಓದಿ ಮಾಡಬಹುದಾದದ್ದನ್ನು ತರಗತಿಯಲ್ಲಿ ಕಲಿಸಿ ಏನು ಫಲ? ಚಿತ್ರಾನ್ನಕ್ಕೆ ಯಾರೂ ಆಟೋ ಹಿಡಿದು ಬರುವುದಿಲ್ಲ. ಜೋಳದ ರೊಟ್ಟಿಗೆ ಬರುತ್ತಾರೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಜಿಗುಟು ಜೋಳದಲ್ಲಿಲ್ಲ, ಅದಕ್ಕೇ ತಣ್ಣೀರಿನಲ್ಲಿ ಕಲಸಿದರೆ ತಟ್ಟುವಾಗ ಅಂಚು ಬಿರಿಯುತ್ತದೆ. ಕುದಿಯುವ ನೀರು ಹಾಕಿದಾಗ ಹಿಟ್ಟಿನ ಪಿಷ್ಟ ಸ್ವಲ್ಪ ಬೆಂದು ಅಂಟು ಬರುತ್ತದೆ. ಇಷ್ಟನ್ನು ಪುಸ್ತಕ ಹೇಳಬಹುದು, ಆದರೆ ಎಷ್ಟು ನಾದಬೇಕು, ಅಂಗೈ ಹೇಗೆ ತಿರುಗಬೇಕು ಎಂಬುದಕ್ಕೆ ಕೈಯೇ ಬೇಕು. ಮೈಸೂರು ಪಾಕಿನ ಒಂದೆಳೆ ಪಾಕ, ಹೋಳಿಗೆಯ ಕಣಕದ ಹದ, ಹುಳಿಪುಡಿಗೆ ಹುರಿಯುವಾಗ ಕೊತ್ತಂಬರಿ ಬೀಜದ ಘಮ ಬದಲಾಗುವ ಗಳಿಗೆ, ಇವೂ ಹೀಗೆಯೇ. ಕಲಿಯಲು ಕಷ್ಟವಾದದ್ದು ಒಂದು, ಸುಲಭವಾದದ್ದು ಒಂದು, ಮನೆಗೆ ಕಟ್ಟಿಕೊಂಡು ಹೋಗುವಂಥದ್ದು ಒಂದು. ಎರಡೂವರೆ ಗಂಟೆಗೆ ಮೂರು ಅಡುಗೆ ಸಾಕು. ಹನ್ನೆರಡು ಹದಿನೈದು ಜನಕ್ಕಿಂತ ಹೆಚ್ಚಾದರೆ ಹಿಂದೆ ಕುಳಿತವರಿಗೆ ಬಾಣಲೆ ಕಾಣುವುದಿಲ್ಲ.

ಶುಲ್ಕದಲ್ಲೇ ಪುಸ್ತಕದ ಬೆಲೆ ಸೇರಿಸಿಬಿಡಿ. ಮೇಲಿನ ಲೆಕ್ಕದಲ್ಲೇ ಹೇಳುವುದಾದರೆ, 500 ರೂಪಾಯಿಯಂತೆ 15 ಜನ ಎಂದರೆ 7,500. ಪುಸ್ತಕದ ಅಸಲು 1,200, ಸಾಮಾನಿಗೆ 2,000 ಕಳೆದರೂ 4,300 ಉಳಿಯುತ್ತದೆ, ಹಾಲಿನ ಬಾಡಿಗೆ ಅದರಲ್ಲೇ ಆಗುತ್ತದೆ. "ಪುಸ್ತಕ ಬೇಕಾದವರು ಕೊನೆಯಲ್ಲಿ ತಗೊಳ್ಳಿ" ಎಂದರೆ ಕೊನೆಯಲ್ಲಿ ಎಲ್ಲರಿಗೂ ಲೋಕಲ್ ಟ್ರೇನಿನ ಅವಸರ.

ಉಪನ್ಯಾಸದ ಮಾತು ಬೇರೆ. ಅಲ್ಲಿ ಒಲೆ ಇಲ್ಲ, ಮಾತೇ ಒಲೆ. ಎಷ್ಟೋ ಜನ ಮೈಕ್ ಹಿಡಿದು ಪುಸ್ತಕದ ವಿಧಾನಗಳನ್ನು ಓದುತ್ತಾರೆ, ಸಭಿಕರು ಆಕಳಿಸುತ್ತಾರೆ. ಒಂದೇ ತಿನಿಸು ಹಿಡಿದುಕೊಂಡು ಮಾತಾಡಿದರೆ ಕೇಳುತ್ತಾರೆ. ಬದನೆಕಾಯಿಯನ್ನೇ ತೆಗೆದುಕೊಳ್ಳಿ. ಉತ್ತರ ಕರ್ನಾಟಕದ ಎಣ್ಣೆಗಾಯಿಗೆ ಗುರೆಳ್ಳು, ಶೇಂಗಾ ಪುಡಿ ತುಂಬುತ್ತೇವೆ. ಪುಣೆಯಲ್ಲಿ ಅದೇ ಕಾಯಿ ಗೋಡಾ ಮಸಾಲೆ ತುಂಬಿಕೊಂಡು ಭರಲಿ ವಾಂಗಿ ಆಗುತ್ತದೆ. ಹೈದರಾಬಾದಿನಲ್ಲಿ ಗುತ್ತಿ ವಂಕಾಯ, ಚೆನ್ನೈಯಲ್ಲಿ ಎಣ್ಣೈ ಕತ್ತರಿಕ್ಕಾಯ್. ಪುಣೆಯ ಸಭೆಯಲ್ಲಿ ಇದನ್ನು ಹೇಳಿ ನೋಡಿ, ಪಕ್ಕದ ಮನೆಯ ಮರಾಠಿ ಕಾಕು ಮಾಡುವುದಕ್ಕೂ ತಮ್ಮ ಅಜ್ಜಿ ಮಾಡುತ್ತಿದ್ದುದಕ್ಕೂ ಏನು ವ್ಯತ್ಯಾಸ ಎಂದು ಸಭಿಕರೇ ಮಾತು ಶುರುಮಾಡುತ್ತಾರೆ. ಪ್ರತಿ ಊರಿನಲ್ಲೂ ಅದೇ ಭಾಷಣ ಮಾಡಬಾರದು ಎನ್ನುವುದು ಇದಕ್ಕೇ.

ರೇಡಿಯೋದಲ್ಲಿ ಅವಕಾಶ ಸಿಕ್ಕರೆ ಇನ್ನಷ್ಟು ಎಚ್ಚರ ಬೇಕು. ಕೇಳುವವರ ಕೈಯಲ್ಲಿ ಪೆನ್ನಿಲ್ಲ, ಹಿಟ್ಟಿದೆ. ಹತ್ತು ನಿಮಿಷಕ್ಕೆ ಒಂದು ಅಡುಗೆ ಮಾತ್ರ ಹೇಳಿ. ಅಳತೆಯನ್ನು ಎರಡು ಸಲ ಹೇಳಿ. ಬಣ್ಣ ತೋರಿಸಲಾಗದು, ಆದ್ದರಿಂದ ಸದ್ದು ಹಿಡಿಯಿರಿ: ಸಾಸಿವೆ ಚಟಪಟ ಎನ್ನುವುದು ನಿಂತ ಮೇಲೆ ಕರಿಬೇವು, ಎಣ್ಣೆಯಲ್ಲಿ ಬೋಂಡಾದ ಸುತ್ತ ಸದ್ದು ಇಳಿದಾಗ ತೆಗೆಯಬೇಕು. ಪುಸ್ತಕದ ಹೆಸರು, ಎಲ್ಲಿ ಸಿಗುತ್ತದೆ ಎಂಬುದು ಕೊನೆಯಲ್ಲಿ ಒಂದು ಸಲ ಬಂದರೆ ಸಾಕು.

ಇನ್ನು ಪ್ರವಾಸ. ಪುಸ್ತಕ ಹೊತ್ತು ಊರೂರು ತಿರುಗಿ ಗೆದ್ದವರಲ್ಲಿ ಪ್ರಸಿದ್ಧರು ಅಮೆರಿಕದ ಜೂಲಿಯಾ ಚೈಲ್ಡ್. ಫ್ರೆಂಚ್ ಅಡುಗೆ ಕುರಿತು ಇಬ್ಬರು ಗೆಳತಿಯರ ಜೊತೆ ಅವರು ಬರೆದ ಏಳುನೂರಕ್ಕೂ ಹೆಚ್ಚು ಪುಟಗಳ ಪುಸ್ತಕ 1961ರಲ್ಲಿ ಬಂತು. ದೊಡ್ಡ ಪ್ರಕಾಶಕರೇ ಹಾಕಿದ್ದರೂ ಪ್ರಚಾರದ ಹೊಣೆ ಬಿದ್ದದ್ದು ಇವರ ಮೇಲೆ. ಜೂಲಿಯಾ ಮತ್ತು ಸಹಲೇಖಕಿ ಸಿಮೋನ್ ಬೆಕ್ ತಮ್ಮದೇ ಖರ್ಚಿನಲ್ಲಿ ನ್ಯೂಯಾರ್ಕಿನಿಂದ ಹೊರಟು ಡೆಟ್ರಾಯಿಟ್, ಷಿಕಾಗೋ, ಸ್ಯಾನ್ ಫ್ರಾನ್ಸಿಸ್ಕೋ, ಲಾಸ್ ಏಂಜಲೀಸ್ ಸುತ್ತಿದರು, ದೊಡ್ಡ ಅಂಗಡಿಗಳಲ್ಲಿ ನಿಂತು ಅಡುಗೆ ಮಾಡಿ ತೋರಿಸಿದರು. ಆಮೇಲೆ ಬಾಸ್ಟನ್ನಿನ ಟೀವಿಯೊಂದರ ಪುಸ್ತಕ ಪರಿಚಯ ಕಾರ್ಯಕ್ರಮಕ್ಕೆ ಕರೆ ಬಂದಾಗ ಜೂಲಿಯಾ ಬರಿಗೈಯಲ್ಲಿ ಹೋಗಲಿಲ್ಲ. ಒಲೆ, ಬಾಣಲೆ, ಮೊಟ್ಟೆ ತೆಗೆದುಕೊಂಡು ಹೋಗಿ ಆಮ್ಲೆಟ್ ಮಾಡಿದರು. ನೋಡಿದವರು ಕಾಗದ ಬರೆದರು. ಅದರಿಂದಲೇ 1963ರಲ್ಲಿ ಅವರದೇ ಟೀವಿ ಕಾರ್ಯಕ್ರಮ ಶುರುವಾಯಿತು, ಪುಸ್ತಕ ಮನೆಮನೆಗೆ ಹೋಯಿತು.

ನಮ್ಮ ಪ್ರವಾಸ ಅಷ್ಟು ದೊಡ್ಡದಾಗಬೇಕಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಪುಣೆಯ ಕನ್ನಡ ಸಂಘ, ಹೈದರಾಬಾದಿನ ಕರ್ನಾಟಕ ಸಾಹಿತ್ಯ ಮಂದಿರ, ದೆಹಲಿ ಕರ್ನಾಟಕ ಸಂಘದಂಥ ಜಾಗಗಳು ಇವೆ. ಮಹಿಳಾ ವಿಭಾಗದವರಿಗೆ ಮೂರು ತಿಂಗಳು ಮುಂಚೆ ಕಾಗದ ಬರೆಯಿರಿ. ಸಂಕ್ರಾಂತಿಯ ಅರಿಸಿನ ಕುಂಕುಮ, ಯುಗಾದಿ, ರಾಜ್ಯೋತ್ಸವದ ಹೊತ್ತಿಗೆ ಹೇಗೂ ಜನ ಸೇರಿರುತ್ತಾರೆ. ಸುಮಾರು 200 ಪುಟದ ಪುಸ್ತಕ ಕಾಲು ಕಿಲೋ ತೂಗುತ್ತದೆ, 60 ಪ್ರತಿ ಎಂದರೆ 15 ಕಿಲೋ. ರೈಲಿನ ಸ್ಲೀಪರಿನಲ್ಲಿ 40 ಕಿಲೋವರೆಗೆ ಸಾಮಾನು ಉಚಿತ. ಆದರೆ ಗ್ಯಾಸ್ ಸಿಲಿಂಡರ್, ಸೀಮೆಎಣ್ಣೆ ಸ್ಟೌ ರೈಲಿನಲ್ಲಿ ಒಯ್ಯಬಾರದು, ಅದು ಅಪರಾಧ. ಇಂಡಕ್ಷನ್ ಒಲೆ ಒಯ್ದರೆ ಹಾಲಿನ ಪ್ಲಗ್ ಯಾವುದು ಎಂದು ಮೊದಲೇ ಕೇಳಿ. 2,000 ವ್ಯಾಟಿನ ಒಲೆಗೆ 16 ಆಂಪಿಯರಿನ ದೊಡ್ಡ ಪ್ಲಗ್ ಬೇಕು. ಫ್ಯಾನಿಗೆ ಹಾಕುವ 6 ಆಂಪಿಯರಿನ ಪ್ಲಗ್ 1,400 ವ್ಯಾಟ್ ದಾಟುವುದಿಲ್ಲ. ಒಗ್ಗರಣೆ ಸಿಡಿಯುವ ಹೊತ್ತಿಗೆ ಹಾಲಿನ ದೀಪವೆಲ್ಲ ಆರಿದರೆ ಪಾಪ, ನಿಮ್ಮನ್ನು ಕರೆಸಿದವರಿಗೂ ಮುಜುಗರ.

ಊರಿನ ಹವೆಯೂ ಅಡುಗೆಯೇ. ಜನವರಿಯ ದೆಹಲಿಯಲ್ಲಿ ಒಂದು ರಾತ್ರಿಗೆ ದೋಸೆ ಹಿಟ್ಟು ಹುಳಿ ಬರುವುದಿಲ್ಲ, ಮೇ ತಿಂಗಳ ಚೆನ್ನೈಯಲ್ಲಿ ಬೆಳಗಿನೊಳಗೆ ಉಕ್ಕಿ ಹರಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿ ಮಾಟುಂಗಾದಲ್ಲಿ ಸಲೀಸಾಗಿ ಸಿಗುತ್ತದೆ, ಬೇರೆ ಕಡೆ ಹುಡುಕಬೇಕು, ಕಟ್ಟಿಕೊಂಡೇ ಹೋಗಿ. ಪುಸ್ತಕದ ಜೊತೆ ಹುಳಿಪುಡಿ, ಚಟ್ನಿಪುಡಿ ಪೊಟ್ಟಣ ಮಾರುವ ಯೋಚನೆಯಿದ್ದರೆ ಅದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಸಾಹಿತ್ಯ ಸಮ್ಮೇಳನದಲ್ಲಿ ಒಂದೇ ಪುಸ್ತಕಕ್ಕೆ ಪೂರ್ತಿ ಮಳಿಗೆ ಹಿಡಿಯುವುದು, ನನ್ನ ಅಭಿಪ್ರಾಯದಲ್ಲಿ, ದುಡ್ಡು ದಂಡ. ಪರಿಚಯದ ಪ್ರಕಾಶಕರ ಮೇಜಿನ ಮೇಲೆ ಮೂಲೆಯೊಂದನ್ನು ಕೇಳಿಕೊಳ್ಳಿ.

ಅಂಚೆಯಲ್ಲಿ ಕಳಿಸುವವರು 2025ರ ಮೇ ತಿಂಗಳಲ್ಲಿ ಶುರುವಾದ ಜ್ಞಾನ್ ಪೋಸ್ಟ್ ಬಗ್ಗೆ ವಿಚಾರಿಸಿ. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಅದು; ಶುರುವಾದಾಗ 300 ಗ್ರಾಂವರೆಗೆ 20 ರೂಪಾಯಿ ದರವಿತ್ತು, ತೆರಿಗೆ ಬೇರೆ. ನಿಮ್ಮ ಪುಸ್ತಕ ಆ ವರ್ಗಕ್ಕೆ ಸೇರುತ್ತದೆಯೇ ಎಂದು ಕೌಂಟರಿನಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ ಮೆಟ್ರೋ ನಗರದ ಲೇಖಕಿಗೆ ಒಂದು ಪ್ರಶ್ನೆ ಎದುರಾಗಿಯೇ ಆಗುತ್ತದೆ. ತರಗತಿಗೆ ಬಂದ ಹುಡುಗಿ ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಪುಸ್ತಕ ತೆರೆದು ಚಿತ್ರ ನೋಡಿ ಮುಚ್ಚಿಡುತ್ತಾಳೆ. ನಿಮ್ಮ ಪುಸ್ತಕ ನಿಜವಾಗಿ ಬೇಕಾಗಿರುವುದು ಅವಳಿಗೇ. ಓದಲು ಬರುವ ಅವಳ ಅಮ್ಮನಿಗೆ ಹುಳಿ ಮಾಡಲು ಪುಸ್ತಕ ಬೇಡ. ಇದು ನಮಗೊಬ್ಬರಿಗೇ ಬಂದ ಕಷ್ಟವಲ್ಲ. ಮುಂಬಯಿಯ ಸಾರಸ್ವತ ಮಹಿಳಾ ಸಮಾಜದ 'ರಸಚಂದ್ರಿಕಾ' ಕೆನರಾ ಕರಾವಳಿಯಿಂದ ಬಂದ ಕೊಂಕಣಿ ಮನೆಗಳ ಅಡುಗೆ ಪುಸ್ತಕ. ಮೊದಲು ಮರಾಠಿಯಲ್ಲಿದ್ದದ್ದು ಮುಂದಿನ ತಲೆಮಾರಿಗಾಗಿ ಇಂಗ್ಲಿಷಿಗೆ ಬಂತು. ಚೆನ್ನೈಯಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ 1951ರಲ್ಲಿ ತಾವೇ ಪ್ರಕಟಿಸಿದ 'ಸಮೈತ್ತು ಪಾರ್' ಮದುಮಗಳ ಪೆಟ್ಟಿಗೆಯಲ್ಲಿ ಪರದೇಶಕ್ಕೆ ಹೋದ ಪುಸ್ತಕ, ಅದೂ ಇಂಗ್ಲಿಷಿನಲ್ಲಿ ಬಂತು. ನಿಮ್ಮ ಇಡೀ ಪುಸ್ತಕವನ್ನು ಅನುವಾದಿಸಬೇಕಿಲ್ಲ. ತರಗತಿಯಲ್ಲಿ ಮಾಡುವ ಮೂರು ಅಡುಗೆಗಳ ಸಾಮಾನಿನ ಪಟ್ಟಿಯನ್ನು ಒಂದು ಬದಿ ಕನ್ನಡದಲ್ಲಿ, ಇನ್ನೊಂದು ಬದಿ ಅದೇ ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಅಚ್ಚು ಮಾಡಿಸಿ ಕೊಡಿ. ಮೆಂತ್ಯ, ಗುರೆಳ್ಳು, ಕಡಲೆಬೇಳೆ ಎಂಬ ಹೆಸರುಗಳಾದರೂ ಅವಳ ಡಬ್ಬಿಗಳ ಮೇಲೆ ಉಳಿಯುತ್ತವೆ. ಉಳಿದದ್ದನ್ನು ಅಮ್ಮ ಓದಿ ಹೇಳಲಿ, ಮಗಳು ಮಾಡಲಿ. ಅಮ್ಮ ಮಗಳು ಜೋಡಿಯಾಗಿ ಬಂದರೆ ಶುಲ್ಕದಲ್ಲಿ ರಿಯಾಯಿತಿ ಇಟ್ಟರೂ ನಷ್ಟವಿಲ್ಲ.

ಪುಸ್ತಕ ಚೆನ್ನಾಗಿ ಹೋಗತೊಡಗಿದರೆ ಪ್ರಕಾಶಕರು ತಾವಾಗಿ ಬರುತ್ತಾರೆ. ಆಗ ಅಮೆರಿಕದ ಇನ್ನೊಬ್ಬಾಕೆಯನ್ನು ನೆನೆಯಿರಿ. ಸೇಂಟ್ ಲೂಯಿಸ್ ನಗರದ ಇರ್ಮಾ ರಾಂಬೌರ್ 1930ರಲ್ಲಿ ಗಂಡನನ್ನು ಕಳೆದುಕೊಂಡಾಗ ಅವರಿಗೆ ವಯಸ್ಸು ಐವತ್ತು ದಾಟಿತ್ತು. ಇದ್ದ ಉಳಿತಾಯದಲ್ಲಿ ಸುಮಾರು 3,000 ಡಾಲರ್ ತೆಗೆದು, ಲೇಬಲ್ ಮುದ್ರಿಸುವ ಪ್ರೆಸ್ಸೊಂದರಲ್ಲಿ 1931ರಲ್ಲಿ 3,000 ಪ್ರತಿ ಅಚ್ಚು ಹಾಕಿಸಿದರು. ಹೆಸರು 'ದಿ ಜಾಯ್ ಆಫ್ ಕುಕಿಂಗ್', ಚಿತ್ರ ಬರೆದದ್ದು ಮಗಳು ಮೇರಿಯನ್. ಮನೆಯಿಂದಲೇ ಮಾರಿದರು. 1936ರಲ್ಲಿ ದೊಡ್ಡ ಪ್ರಕಾಶಕರು ಕೈಗೆತ್ತಿಕೊಂಡ ಮೇಲೆ ಪುಸ್ತಕ ಕೋಟಿ ಪ್ರತಿಗಳನ್ನೂ ಮೀರಿ ಹೋಯಿತು. ಆದರೆ ಒಪ್ಪಂದಕ್ಕೆ ಸಹಿ ಹಾಕುವಾಗ ಹಕ್ಕುಸ್ವಾಮ್ಯವನ್ನೇ ಬರೆದುಕೊಟ್ಟಿದ್ದರು, ತಾವೇ ದುಡ್ಡು ಹಾಕಿದ 1931ರ ಪುಸ್ತಕದ್ದೂ ಸೇರಿ. ಅದರ ಜಗಳ ವರ್ಷಗಟ್ಟಲೆ ನಡೆಯಿತು. ನೀವು ಕೊಡುವುದು ಇಷ್ಟು ವರ್ಷ, ಇಷ್ಟು ಪ್ರತಿ ಮುದ್ರಿಸುವ ಅನುಮತಿ ಮಾತ್ರ ಎಂದು ಕಾಗದದಲ್ಲಿ ಬರಲಿ. ಇಂಗ್ಲಿಷ್ ಅನುವಾದ, ವಿಡಿಯೋ ಇವುಗಳ ಹಕ್ಕು ನಿಮ್ಮಲ್ಲೇ ಉಳಿಯಲಿ. ತರಗತಿ ಮತ್ತು ಸಭೆಗಳಲ್ಲಿ ಮಾರಲು ಲೇಖಕರ ಪ್ರತಿಗಳು ಎಷ್ಟು ರಿಯಾಯಿತಿಗೆ ಸಿಗುತ್ತವೆ ಎಂಬ ಸಾಲನ್ನೂ ಬರೆಸಿಕೊಳ್ಳಿ. ನೂರಕ್ಕೆ ನಲವತ್ತಕ್ಕಿಂತ ಕಡಿಮೆ ಎಂದರೆ ಒಪ್ಪಬೇಡಿ, ಅಂಗಡಿಯವರಿಗೆ ಅವರು ಅಷ್ಟು ಕೊಟ್ಟೇ ಕೊಡುತ್ತಾರೆ.